ಶಾಲೆಯ ಫೋಟೊ ಅಂಟಿಸುವ ಮೊದಲು

ಮಕ್ಕಳ ಶಾಲೆಯ ಫೋಟೊಗಳನ್ನೆಲ್ಲ ಒಂದನೇ ತರಗತಿಯಿಂದ ಹತ್ತರವರೆಗೆ ಒಂದೇ ಪುಸ್ತಕದಲ್ಲಿ ಜೋಡಿಸಿಡುವ ಹುರುಪು ಈಗ ಕಾರವಾರದ ಮನೆಗಳಲ್ಲೂ ಕಾಣುತ್ತದೆ. ಬಣ್ಣದ ಹಾಳೆ, ಸ್ಟಿಕ್ಕರ್ ಎಲ್ಲ ತಂದಿಟ್ಟುಕೊಂಡು ಸ್ಟುಡಿಯೊಕ್ಕೆ ಬಂದು ‘ಯಾವ ಗಮ್ಮು ಒಳ್ಳೇದು?’ ಎಂದು ಕೇಳುತ್ತಾರೆ. ಯಾವ ಗಮ್ಮೂ ಬೇಡ ಎನ್ನುತ್ತೇನೆ. ನಮ್ಮ ಕರಾವಳಿಯಲ್ಲಿ ಅಂಟಿಸಿದ ಫೋಟೊವನ್ನು ಬಿಡಿಸಬೇಕಾದ ದಿನ ಬಂದೇ ಬರುತ್ತದೆ.

ಲ್ಯಾಬಿನಲ್ಲಿ ಪ್ರಿಂಟಾದ ಬಣ್ಣದ ಫೋಟೊದಲ್ಲಿ ಚಿತ್ರ ಇರುವುದು ಕಾಗದದ ಮೇಲಿನ ತೆಳುವಾದ ಜೆಲಾಟಿನ್ ಪದರದಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಗಾಳಿಯ ತೇವ ಹೀರಿ ಉಬ್ಬುತ್ತದೆ, ಅಂಟಂಟಾಗುತ್ತದೆ. ಎದುರಿಗೆ ಫ್ರೇಮಿನ ಗಾಜು ತಾಗಿಕೊಂಡಿದ್ದರೆ ಗಾಜಿಗೇ ಹಿಡಿದುಬಿಡುತ್ತದೆ. ತೇವಾಂಶ ಶೇ. 65–70 ದಾಟಿ ದಿನಗಟ್ಟಲೆ ಹಾಗೇ ನಿಂತರೆ ಬೂಷ್ಟು ಬರುತ್ತದೆ, ಅದಕ್ಕೆ ಆಹಾರ ಇದೇ ಜೆಲಾಟಿನ್. ಗಾಜಿಗೆ ಹಿಡಿದ ಫೋಟೊ ಕಂಡರೆ ಕೀಳಬೇಡಿ. ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ, ಉಳಿದದ್ದು ಆಮೇಲೆ.

ನನ್ನ ಕೈಗೆ ಬರುವ ಹಾಳಾದ ಫೋಟೊಗಳಲ್ಲಿ ಹೆಚ್ಚಿನವು ‘ಮ್ಯಾಗ್ನೆಟಿಕ್ ಆಲ್ಬಂ’ನವು. ಹೆಸರಿಗೆ ಮ್ಯಾಗ್ನೆಟ್, ಇರುವುದು ಅಂಟಿನ ಗೆರೆ ಎಳೆದ ರಟ್ಟು, ಮೇಲೊಂದು ಪ್ಲಾಸ್ಟಿಕ್ ಹಾಳೆ. ಕೆಲವು ವರ್ಷಕ್ಕೆ ಅಂಟು ಹಳದಿಯಾಗಿ ಫೋಟೊದ ಬೆನ್ನಿಗೆ ಇಳಿಯುತ್ತದೆ. ಮೂಲೆ ಹಿಡಿದು ಎಳೆದರೆ ಮಗುವಿನ ಮುಖದ ಮೇಲೆಯೇ ಬಿಳಿ ಬಿರುಕು ಬೀಳುತ್ತದೆ. ಮೆಡಿಕಲ್ ಶಾಪಿನಲ್ಲಿ ಸಿಗುವ ಡೆಂಟಲ್ ಫ್ಲಾಸ್ ತನ್ನಿ. ಪರಿಮಳ ಇಲ್ಲದ್ದೇ ಇರಲಿ. ಒಂದಡಿ ಉದ್ದ ಕತ್ತರಿಸಿ, ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಫೋಟೊದ ಕೆಳಗೆ ತೂರಿಸಿ ಗರಗಸದ ಹಾಗೆ ನಿಧಾನಕ್ಕೆ ಎಳೆದಾಡಿ. ಬಾಗಿಸಬೇಕಾದ್ದು ರಟ್ಟನ್ನು, ಫೋಟೊವನ್ನಲ್ಲ. ಜಗ್ಗದಿದ್ದರೆ ಬಿಟ್ಟುಬಿಡಿ, ಪುಟವನ್ನೇ ಕತ್ತರಿಸಿ ಇಟ್ಟುಕೊಳ್ಳಿ.

ಲ್ಯಾಮಿನೇಶನ್ ಬಗ್ಗೆ ನನಗೆ ಸ್ವಲ್ಪ ಸಿಟ್ಟೇ ಇದೆ. ಒಮ್ಮೆ ಬಿಸಿ ತಾಗಿಸಿದರೆ ಹಿಂದಕ್ಕೆ ದಾರಿಯಿಲ್ಲ, ಕತ್ತರಿಸಿದ ಅಂಚಿನಿಂದ ತೇವ ಒಳಗೆ ಹೋಗುವುದೂ ತಪ್ಪುವುದಿಲ್ಲ.

ಅಜ್ಜಿಯ ಮನೆಯ ಕಪ್ಪು ಹಾಳೆಯ ಆಲ್ಬಂ ನೆನಪಿದೆಯೇ? ನಾಲ್ಕು ಮೂಲೆಗೆ ಪುಟ್ಟ ಕಾಗದದ ಕಾರ್ನರ್, ಪುಟಗಳ ನಡುವೆ ಬಟರ್ ಪೇಪರ್. ಹಾಳೆ ಪುಡಿಯಾದರೂ ಫೋಟೊ ಸಲೀಸಾಗಿ ಹೊರಗೆ ಬರುತ್ತದೆ. ಈಗಲೂ ಹಾಗೇ ಮಾಡಿ. ಡ್ರಾಯಿಂಗ್ ಹಾಳೆ ಕೊಳ್ಳುವಾಗ ‘ಆ್ಯಸಿಡ್ ಫ್ರೀ’ ಎಂದು ಬರೆದಿದೆಯೇ ನೋಡಿ. ಪ್ಲಾಸ್ಟಿಕ್ ಕವರ್ ಹಾಕುವುದಾದರೆ ‘ಪಿಪಿ’ ಇಲ್ಲವೇ ತ್ರಿಕೋನದೊಳಗೆ 5 ಎಂಬ ಗುರುತು ಇರುವುದು ಆಗಬಹುದು. 3 ಎಂದಿದ್ದರೆ ಪಿವಿಸಿ, ಬೇಡ. ಗ್ಲಿಟರ್, ಸ್ಟೇಪ್ಲರ್ ಪಿನ್ನು ಎರಡೂ ದೂರ ಇರಲಿ. ಪಿನ್ನಿಗೆ ಒಂದೇ ಮಳೆಗಾಲ ಸಾಕು, ತುಕ್ಕು.

ಇದಕ್ಕೆಲ್ಲ ಕೂರುವುದು ದೀಪಾವಳಿ ಕಳೆದ ಮೇಲೆ. ಶಿರಸಿ ಕಡೆಯವರಾದರೆ ಇನ್ನೂ ಸ್ವಲ್ಪ ಕಾಯಿರಿ. ತೇವ ಹೋಗಲಿ ಅಂತ ಫೋಟೊಗಳನ್ನು ಹಪ್ಪಳದ ಹಾಗೆ ಅಂಗಳದಲ್ಲಿ ಹರವುವವರಿದ್ದಾರೆ. ಬಿಸಿಲಿಗೆ ಬಣ್ಣ ಹಾರುತ್ತದೆ, ನೆರಳಲ್ಲಿ ಫ್ಯಾನಿನ ಗಾಳಿ ಸಾಕು. ಆಲ್ಬಂ ಹೊರಗೋಡೆಗೆ ತಾಗಿದ ಕಪಾಟಿನಲ್ಲಿ ಬೇಡ. ಸಿಲಿಕಾ ಜೆಲ್ ಪೊಟ್ಟಣ ಬಿಗಿ ಮುಚ್ಚಳದ ಡಬ್ಬದೊಳಗೆ ಮಾತ್ರ ಕೆಲಸ ಮಾಡೀತು.

ಇನ್ನು ಗ್ರೂಪ್ ಫೋಟೊ. ಮುಂದಿನ ಸಾಲಿನವರ ಕಾಲ ಬಳಿ ‘7ನೇ ತರಗತಿ, 2003–04’ ಎಂದು ಸುಣ್ಣದಕಡ್ಡಿಯಲ್ಲಿ ಬರೆದ ಪಾಟಿ, ನಡುವೆ ಕುರ್ಚಿಯಲ್ಲಿ ಮಾಸ್ತರರು, ಅಕ್ಕೋರು. ಪುಸ್ತಕಕ್ಕೆ ಹಿಡಿಸುವುದಿಲ್ಲ ಅಂತ ತಮ್ಮ ಮಗುವಿನ ಮುಖವನ್ನಷ್ಟೇ ಕತ್ತರಿಸಿ ಅಂಟಿಸಿದವರನ್ನು ಕಂಡಿದ್ದೇನೆ. ಹಾಗೆ ಮಾಡಬೇಡಿ. 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿಸಿ, ಚಿಕ್ಕ ಪ್ರಿಂಟು ಪುಸ್ತಕಕ್ಕೆ ಹಾಕಿ, ಮೂಲ ಬೇರೆ ಇಡಿ. ಎಡದಿಂದ ಬಲಕ್ಕೆ, ಸಾಲು ಸಾಲಾಗಿ ಹೆಸರುಗಳನ್ನು ಮಗುವಿನ ಕೈಯಲ್ಲೇ ಬರೆಸಿ, ಈ ವರ್ಷವೇ. ಬರೆಯುವುದು ಪುಟದ ಮೇಲೆ. ಬೆನ್ನಿನ ಮೇಲೆ ಬಾಲ್‌ಪೆನ್ ಒತ್ತಿದರೆ ಗೀರು ಮುಂದಕ್ಕೂ ಮೂಡುತ್ತದೆ.

ಫೋಟೊ ತೆಗೆದ ಸ್ಟುಡಿಯೊದವರ ಹತ್ತಿರ ಫೈಲನ್ನೂ ಈಗಲೇ ಕೇಳಿ. ಹಾರ್ಡ್‌ಡಿಸ್ಕ್ ತುಂಬಿದರೆ ನಾವು ಮೊದಲು ಅಳಿಸುವುದು ಹಳೆಯ ಶಾಲೆಯ ಫೋಲ್ಡರುಗಳನ್ನೇ.