ಡಕೋಟಾ ಕುಗ್ಗುತ್ತದೆ, ಪೈಲಟ್ ಕುಗ್ಗುವುದಿಲ್ಲ

ತುಮಕೂರಿನ ಇಬ್ಬರು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕಳೆದ ತಿಂಗಳು ಸುರುಳಿ ಸುತ್ತಿದ ನಕ್ಷೆ ಹಿಡಿದು ಮನೆಗೆ ಬಂದಿದ್ದರು. ಎರಡು ಎಂಜಿನ್ನಿನ ಡಕೋಟಾ ಸಾಗಣೆ ವಿಮಾನವನ್ನು ಎಲ್ಲ ಅಳತೆಯಲ್ಲೂ ಮೂರನೇ ಒಂದಕ್ಕೆ ಇಳಿಸಿ, ಒಬ್ಬರೇ ಕುಳಿತು ಹಾರಿಸುವ ಪುಟ್ಟ ವಿಮಾನ ಕಟ್ಟಬೇಕೆಂಬ ಆಸೆ ಅವರದು. 1947ರ ಅಕ್ಟೋಬರ್ 27ರಂದು ನಮ್ಮ ಸೈನಿಕರನ್ನು ಶ್ರೀನಗರದಲ್ಲಿ ಇಳಿಸಿದ ವಿಮಾನವದು. ವಿಮಾನ ರಚನೆಯ ಲೆಕ್ಕದಲ್ಲೇ ಆಯುಷ್ಯ ಕಳೆದ ನನಗೆ ಆ ಗೆರೆಗಳನ್ನು ಕಂಡು ಮನಸ್ಸು ತುಂಬಿತು.

‘ಲೆಕ್ಕ ಕೂಡಿಬರುತ್ತದೆ ಸರ್’ ಎಂದರು. ನಿಜ. ಉದ್ದ ಮೂರನೇ ಒಂದಾದರೆ ರೆಕ್ಕೆಯ ವಿಸ್ತೀರ್ಣ ಒಂಬತ್ತನೇ ಒಂದು, ಘನಗಾತ್ರ ಇಪ್ಪತ್ತೇಳನೇ ಒಂದು. 29 ಮೀಟರಿನ ರೆಕ್ಕೆಹರವು 9.7 ಮೀಟರ್ ಆಗುತ್ತದೆ. ಸರಕು ತುಂಬಿದಾಗಿನ ಸುಮಾರು 11,400 ಕೆ.ಜಿ. ತೂಕ 420 ಕೆ.ಜಿ.ಗೆ ಬರುತ್ತದೆ.

ಕುಗ್ಗದೆ ಉಳಿಯುವವನು ಪೈಲಟ್. ಮೂಲ ವಿಮಾನದಲ್ಲಿ ಮೂಗಿನಲ್ಲಿ ಕೂರುವ ಇಬ್ಬರ ತೂಕ ಒಟ್ಟು ತೂಕದ ಶೇ 1.5ನ್ನೂ ಮುಟ್ಟುವುದಿಲ್ಲ. ಪುಟ್ಟ ವಿಮಾನದಲ್ಲಿ 80 ಕೆ.ಜಿ.ಯ ಒಬ್ಬನೇ ಶೇ 19ರಷ್ಟಾಗುತ್ತಾನೆ. ಅವನನ್ನು ರೆಕ್ಕೆಯ ಬಳಿಯಿಂದ ಎರಡು ಮೀಟರ್ ಮುಂದಕ್ಕೆ ತಂದು ಮೂಗಿನಲ್ಲಿ ಕೂರಿಸಿದರೆ ಗುರುತ್ವ ಕೇಂದ್ರ 38 ಸೆಂಟಿಮೀಟರ್ ಮುಂದೆ ಸರಿಯುತ್ತದೆ. ರೆಕ್ಕೆಯ ಸರಾಸರಿ ಅಗಲ ಇರುವುದೇ ಒಂದು ಮೀಟರಿನಷ್ಟು, ಆ ಕೇಂದ್ರ ಸರಿಯಬಹುದಾದದ್ದು ಅದರ ಸಣ್ಣ ಪಾಲಿನಷ್ಟೇ! ಆಗ ಇಳಿಯುವ ಹೊತ್ತಿಗೆ ಬಾಲ ಎಷ್ಟೇ ಒತ್ತಿದರೂ ಮೂಗು ಮೇಲೇಳುವುದಿಲ್ಲ. ಹಾಗಾಗಿ ಪೈಲಟ್ ರೆಕ್ಕೆಯ ಬಳಿಯೇ ಕೂರಬೇಕು. ಮುಂದಿನ ಕಿಟಕಿಗಳು ಬರೀ ಚಿತ್ರವಾಗಿ ಉಳಿಯಲಿ. ಹುಡುಗರ ಮುಖ ಬಾಡಿತು. ಆದರೂ ಇದನ್ನು ನಾನು ಬಿಟ್ಟುಕೊಡಲಾರೆ.

ತಗಡಿನದೂ ಇದೇ ಕಥೆ. ಒಂದು ಮಿಲಿಮೀಟರಿನ ಅಲ್ಯೂಮಿನಿಯಂ ಹೊದಿಕೆಯನ್ನು ಮೂರನೇ ಒಂದು ದಪ್ಪಕ್ಕೆ ಇಳಿಸಿದರೆ ಹೆಬ್ಬೆರಳು ಒತ್ತಿದಲ್ಲೆಲ್ಲ ತಗ್ಗು ಬೀಳುತ್ತದೆ. ಕೊಳವೆಯ ಚೌಕಟ್ಟಿಗೆ ಬಟ್ಟೆ ಬಿಗಿಯುವುದೇ ವಾಸಿ.

ಎರಡು ಎಂಜಿನ್ ಬೇಕೇ ಎಂಬ ಪ್ರಶ್ನೆಗೆ ಫ್ರಾನ್ಸಿನ ಮಿಶೆಲ್ ಕೊಲೊಂಬಾನ್ ಅವರ ಕ್ರಿ-ಕ್ರಿ ಒಂದು ಉತ್ತರ. 1973ರಲ್ಲಿ ಮೊದಲು ಹಾರಿದ, 80 ಕೆ.ಜಿ.ಯೂ ಇಲ್ಲದ ಆ ವಿಮಾನಕ್ಕೆ ಎರಡು ಎಂಜಿನ್ ಇವೆ. ಆದರೆ ಅವನ್ನು ಮೂಗಿನ ಬಳಿ ಒತ್ತೊತ್ತಾಗಿ ಕೂರಿಸಲಾಗಿದೆ. ಡಕೋಟಾದಂತೆ ರೆಕ್ಕೆಯ ಮೇಲೆ ದೂರದೂರ ಇಟ್ಟು, ನೆಲ ಬಿಟ್ಟ ಕೂಡಲೇ ಒಂದು ನಿಂತಿತೆನ್ನಿ: ಇನ್ನೊಂದು ವಿಮಾನವನ್ನು ಪಕ್ಕಕ್ಕೆ ತಿರುಗಿಸುತ್ತದೆ, ಕಡಿಮೆ ವೇಗದಲ್ಲಿ ಬಾಲದ ಚುಕ್ಕಾಣಿಗೆ ಅದನ್ನು ತಡೆಯುವ ಬಲವಿರುವುದಿಲ್ಲ.

ಇನ್ನು ನಮ್ಮೂರಿನ ಗಾಳಿ. ತುಮಕೂರು ಸಮುದ್ರಮಟ್ಟದಿಂದ 800 ಮೀಟರಿಗಿಂತ ಎತ್ತರದಲ್ಲಿದೆ. ಏಪ್ರಿಲ್ ಮಧ್ಯಾಹ್ನ 36 ಡಿಗ್ರಿ ಬಿಸಿಲಿನಲ್ಲಿ ಇಲ್ಲಿನ ಗಾಳಿ, ಪುಸ್ತಕದ ಕೋಷ್ಟಕ ಹಿಡಿಯುವ ಸಮುದ್ರಮಟ್ಟದ ತಂಪು ಗಾಳಿಗಿಂತ ಶೇ 15ರಷ್ಟು ತೆಳು. ಎಂಜಿನ್ನಿನ ಬಲವೂ ಸುಮಾರು ಅಷ್ಟೇ ಇಳಿಯುತ್ತದೆ, ನೆಲ ಬಿಡಲು ಹೆಚ್ಚು ವೇಗ ಬೇಕಾಗುತ್ತದೆ, ಓಟದ ಹಾದಿ ಉದ್ದವಾಗುತ್ತದೆ. ಕಾಗದದ ಮೇಲೆ ಹಾರುವುದಾದರೂ ಈ ಗಾಳಿಯಲ್ಲೇ ಹಾರಬೇಕು.

ಅಂದು ಅಂಗಳದಲ್ಲಿ ಕುರ್ಚಿ ಹಾಕಿ, ಒಬ್ಬನನ್ನು ಕೂರಿಸಿ, ಅವನ ಮೊಣಕಾಲು, ಭುಜ, ಕಣ್ಣಿನ ಎತ್ತರ ಅಳೆದೆವು. ಆ ಅಳತೆಯ ಸುತ್ತ ಹೊಸ ನಕ್ಷೆ ಶುರುವಾಗಿದೆ. ತೂಕದ ಪುಸ್ತಕವೊಂದನ್ನೂ ತೆರೆದಿದ್ದಾರೆ. ಅದರ ಮೊದಲ ಸಾಲಿನಲ್ಲಿರುವುದು ಪೈಲಟ್.