ಅಜ್ಜನ ರೆಪ್ಪೆ ಯಾಕೆ ಮೇಲೇಳಲಿಲ್ಲ?

ಮಳೆಗಾಲದ ನಸುಕು. ಚಿಂಚೋಳಿ ಕಡೆಯ ಹಳ್ಳಿಯಿಂದ ಒಬ್ಬ ಅಜ್ಜನನ್ನು ಕಲಬುರಗಿಯ ಆಸ್ಪತ್ರೆಗೆ ತಂದಿದ್ದಾರೆ ಅಂದುಕೊಳ್ಳಿ. ರಾತ್ರಿ ನೆಲದ ಮೇಲೆ ಮಲಗಿದ್ದವರು. "ಹೊಟ್ಟಿ ನೋಯಾಕತ್ತದ್ರಿ ಸಿಸ್ಟರ್" ಅನ್ನುತ್ತಾರೆ. ನರ್ಸ್ ಆಗಿ ಕೆಲಸಕ್ಕೆ ಸೇರಿ ತಿಂಗಳಾದ ಹುಡುಗಿ ಬಿಪಿ, ನಾಡಿ, ಜ್ವರ ನೋಡುತ್ತಾಳೆ. ಎಲ್ಲ ಸರಿ ಇದೆ. ಹೊಟ್ಟೆನೋವು ಅಂತ ಚಾರ್ಟಿನಲ್ಲಿ ಬರೆಯುತ್ತಾಳೆ. ಪಕ್ಕದಲ್ಲಿದ್ದ ಸೀನಿಯರ್ ಸಿಸ್ಟರ್, "ಅಜ್ಜಾರ, ಸ್ವಲ್ಪ ಮ್ಯಾಲ ನೋಡ್ರಿ" ಅನ್ನುತ್ತಾರೆ. ರೆಪ್ಪೆ ಏಳುವುದಿಲ್ಲ. ಕಟ್ಟುಹಾವು ಕಚ್ಚಿರಬಹುದು ಅಂತ ಕೂಡಲೇ ಡಾಕ್ಟರನ್ನು ಕರೆಸುತ್ತಾರೆ. ಈ ಹಾವು ಕಚ್ಚಿದ ಜಾಗದಲ್ಲಿ ಎಷ್ಟೋ ಸಲ ನೋವೂ ಇರುವುದಿಲ್ಲ, ಬಾವೂ ಇರುವುದಿಲ್ಲ. ಮೊದಲು ಹೊಟ್ಟೆನೋವು ಬರಬಹುದು, ಆಮೇಲೆ ರೆಪ್ಪೆ ಜೋಲುತ್ತದೆ, ತಡವಾದರೆ ಉಸಿರೇ ನಿಲ್ಲುತ್ತದೆ.

ಹುಡುಗಿ ಇದನ್ನು ಓದಿರಲಿಲ್ಲವೇ? ಓದಿದ್ದಳು, ಪರೀಕ್ಷೆಯಲ್ಲೂ ಬರೆದಿದ್ದಳು. ಆದರೆ ಪುಸ್ತಕದಲ್ಲಿ 'ಹಾವು ಕಡಿತ' ಅಂತ ತಲೆಬರಹ ಇರುತ್ತದೆ. ರೋಗಿ ಅದನ್ನು ಹೊತ್ತು ತರುವುದಿಲ್ಲ, ಅಲ್ವಾ?

ಈ ತೊಡಕು ಹಳೆಯದು. 1860ರಲ್ಲಿ ಲಂಡನ್ನಿನಲ್ಲಿ ನರ್ಸಿಂಗ್ ಶಾಲೆ ಶುರುಮಾಡಿದ ಫ್ಲಾರೆನ್ಸ್ ನೈಟಿಂಗೇಲ್, ರೋಗಿಯನ್ನು ಗಮನಿಸುವುದನ್ನೇ ದೊಡ್ಡ ಪಾಠ ಮಾಡಿದ್ದರು. ನಮ್ಮ ದೇಶದಲ್ಲಿ 1946ರಲ್ಲಿ ದೆಹಲಿ, ವೆಲ್ಲೂರಿನಲ್ಲಿ ನರ್ಸಿಂಗ್ ಡಿಗ್ರಿ ಬಂತು. ಕಾಲೇಜಿನಿಂದ ವಾರ್ಡಿಗೆ ಕಾಲಿಟ್ಟಾಗ ಆಗುವ ಗಾಬರಿಯನ್ನು 1974ರಲ್ಲಿ ಅಮೆರಿಕದ ಮಾರ್ಲೀನ್ ಕ್ರೇಮರ್ 'ರಿಯಾಲಿಟಿ ಶಾಕ್' ಎಂದು ಕರೆದರು. 1984ರಲ್ಲಿ ಅಲ್ಲಿನದೇ ನರ್ಸಿಂಗ್ ಅಧ್ಯಾಪಕಿ ಪ್ಯಾಟ್ರಿಷಿಯಾ ಬೆನ್ನರ್, ಹೊಸ ನರ್ಸ್ ಪಳಗುತ್ತ ಹೋಗುವ ದಾರಿಯಲ್ಲಿ ಐದು ಮೆಟ್ಟಿಲು ತೋರಿಸಿದರು. ಆಗಷ್ಟೇ ಡಿಗ್ರಿ ಪಡೆದವರು ಎರಡನೆಯದರಲ್ಲಿ ಇರುತ್ತಾರೆ. ಒಂದೇ ಬಗೆಯ ಕೆಲಸದಲ್ಲಿ ಎರಡು ಮೂರು ವರ್ಷ ಕಳೆದ ಮೇಲೆ ಮೂರನೆಯದು.

2006ರಲ್ಲಿ ಇನ್ನೊಬ್ಬ ಅಮೆರಿಕನ್ ನರ್ಸಿಂಗ್ ಅಧ್ಯಾಪಕಿ ಕ್ರಿಸ್ಟೀನ್ ಟ್ಯಾನರ್, ನರ್ಸ್ ಯೋಚಿಸುವ ಬಗೆಯನ್ನು ಇನ್ನೂ ಬಿಡಿಸಿ ಹೇಳಿದರು: ಗಮನಿಸುವುದು, ಅರ್ಥ ಮಾಡಿಕೊಳ್ಳುವುದು, ಕೈಹಾಕುವುದು, ಆಮೇಲೆ ಕೂತು ಯೋಚಿಸುವುದು. ನಮ್ಮಲ್ಲಿ ಕೈಬಿಟ್ಟುಹೋಗುವುದು ಈ ಕೊನೆಯದೇ ಅಂತ ನನಗನ್ನಿಸುತ್ತದೆ. ಡ್ಯೂಟಿ ಮುಗಿದರೆ ಬಸ್ಸಿಗೆ ಓಡಬೇಕು, ಕೂರುವುದು ಯಾವಾಗ?

2021ರಲ್ಲಿ ಬಂದ ಹೊಸ ಬಿ.ಎಸ್ಸಿ. ನರ್ಸಿಂಗ್ ಪಠ್ಯಕ್ರಮ ಸಿಮ್ಯುಲೇಷನ್‌ಗೆ, ಅಂದರೆ ಗೊಂಬೆಗಳ ಮೇಲಿನ ಅಭ್ಯಾಸಕ್ಕೆ ಜಾಗ ಕೊಟ್ಟಿದೆ. ಒಳ್ಳೆಯದೇ. ಆದರೆ "ಯಾಕೋ ಜೀವ ತಳಮಳ ಆಗ್ತದವ್ವ" ಅಂತ ಗೊಂಬೆ ಹೇಳುವುದಿಲ್ಲ. ಆ ಮಾತಿನ ತೂಕ ನಮ್ಮೂರ ಹುಡುಗಿಯರಿಗೆ ಚೆನ್ನಾಗಿ ಗೊತ್ತು. ಸಂವಿಧಾನದ 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕಕ್ಕೆ ಸಿಕ್ಕ ಮೀಸಲಾತಿಯಿಂದ ಸ್ಥಳೀಯರಿಗೆ ಸರ್ಕಾರಿ ನೌಕರಿಯ ದಾರಿ ತೆರೆದಿರುವುದು ಇಲ್ಲಿ ದೊಡ್ಡ ಅನುಕೂಲ.

ಅಜ್ಜನನ್ನು ಐಸಿಯುಗೆ ಕಳಿಸಿದ ಮೇಲೆ ಸೀನಿಯರ್ ಏನು ಕೇಳುತ್ತಾರೆ ಅನ್ನುವುದು ಮುಖ್ಯ. "ಕಣ್ಣು ಕಾಣಂಗಿಲ್ಲೇನು?" ಅಂತ ಬೈದರೆ, ಮುಂದಿನ ಸಲ ಅನುಮಾನ ಬಂದರೂ ಆಕೆ ಬಾಯಿ ಬಿಡುವುದಿಲ್ಲ. "ನೀ ಮೊದಲ ಏನು ನೋಡ್ದಿ, ಏನು ಅನ್ನಿಸ್ತು?" ಅಂತ ಐದು ನಿಮಿಷ ಕೇಳಿದರೆ ಆಕೆ ಹೇಳುತ್ತಾಳೆ. ಹಾಗೆ ಕೇಳಲು ಪಕ್ಕದಲ್ಲಿ ಒಬ್ಬರು ಇರಬೇಕಲ್ಲ, ಆದ್ದರಿಂದ ಮೊದಲ ಕೆಲವು ತಿಂಗಳಾದರೂ ಹೊಸಬರನ್ನು ನೈಟ್ ಡ್ಯೂಟಿಗೆ ಒಬ್ಬರನ್ನೇ ಹಾಕಬೇಡಿ.