ಸ್ವರ ಜೋಡಿಸುವವರಿಗೆ ಸಂಬಳ ಕೊಡೋದು ಯಾರು?

1761ರಲ್ಲಿ ಆಸ್ಟ್ರಿಯಾದ ಸಂಗೀತ ರಚನಕಾರ ಹೈಡನ್ ಎಸ್ಟರ್‌ಹಾಜಿ ದೊರೆಗಳ ಅರಮನೆಯ ಕೆಲಸಕ್ಕೆ ಸೇರಿದಾಗ, ಬಿಳಿ ಕಾಲುಚೀಲ ಹಾಕಬೇಕು ಅಂತಲೂ ಕರಾರಿನಲ್ಲಿ ಬರೆದಿತ್ತು. ದೊರೆ ಕೇಳಿದ ಸಂಗೀತ ಬರೆಯಬೇಕು, ಅದನ್ನು ಬೇರೆಯವರಿಗೆ ಕೊಡಬಾರದು. ಅನ್ನದಾತ ಹೇಳಿದಂತೆ ಕೇಳಬೇಕಲ್ವಾ?

ಅರಮನೆಗಳ ಕಾಲ ಮುಗಿಯಿತು. ಇಪ್ಪತ್ತನೇ ಶತಮಾನದ ಅಮೆರಿಕದಲ್ಲಿ ಆ ಜಾಗಕ್ಕೆ ವಿಶ್ವವಿದ್ಯಾಲಯ ಬಂತು. ನಾಜಿಗಳ ಕಾಟಕ್ಕೆ ಜರ್ಮನಿ ಬಿಟ್ಟು ಬಂದ ಸಂಗೀತ ರಚನಕಾರ ಶೋನ್‌ಬರ್ಗ್ 1936ರಿಂದ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. 1944ರಲ್ಲಿ 70 ತುಂಬಿತು, ನಿವೃತ್ತಿ. ಸೇವೆ ಎಂಟೇ ವರ್ಷ, ಹಾಗಾಗಿ ಪಿಂಚಣಿ ತಿಂಗಳಿಗೆ ಸುಮಾರು 40 ಡಾಲರ್. ಮನೆಯಲ್ಲಿ ಮೂವರು ಚಿಕ್ಕ ಮಕ್ಕಳು.

ಈ ಮೇಷ್ಟ್ರ ಕೆಲಸವನ್ನು ಬರೀ ಹೊಟ್ಟೆಪಾಡು ಅಂದುಕೊಳ್ಳದೆ, ಸಂಗೀತಕ್ಕೆ ಇರಬೇಕಾದ ಜಾಗವೇ ಅದು ಎಂದು ವಾದಿಸಿದವರು ಅಮೆರಿಕದ ಸಂಗೀತ ರಚನಕಾರ ಮಿಲ್ಟನ್ ಬ್ಯಾಬಿಟ್. 1938ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಗೀತ ವಿಭಾಗ ಸೇರಿದರು. ಯುದ್ಧದ ಸಮಯದಲ್ಲಿ ಅಲ್ಲೇ ಗಣಿತ ಹೇಳಿಕೊಟ್ಟರು. 1958ರಲ್ಲಿ ಒಂದು ಪತ್ರಿಕೆಗೆ ಲೇಖನ ಬರೆದರು. ಮೇಲ್ಮಟ್ಟದ ಗಣಿತ ಎಲ್ಲರಿಗೂ ಅರ್ಥವಾಗಲಿ ಎಂದು ಯಾರೂ ಹಟ ಹಿಡಿಯುವುದಿಲ್ಲ, ಸಂಗೀತಕ್ಕೆ ಮಾತ್ರ ಯಾಕೆ ಆ ಕಟ್ಟಳೆ ಅನ್ನೋದು ಅವರ ಪ್ರಶ್ನೆ. ತಲೆಬರಹ ಅವರು ಕೊಟ್ಟದ್ದಲ್ಲ. ಪತ್ರಿಕೆಯವರು ಅದನ್ನು ಬದಲಿಸಿ, ‘ನೀವು ಕೇಳಿದರೆಷ್ಟು, ಬಿಟ್ಟರೆಷ್ಟು’ ಎಂಬ ಅರ್ಥ ಬರುವಂತೆ ಮಾಡಿದರು. ಆ ಮಾತು ಬ್ಯಾಬಿಟ್‌ಗೆ ಸಾಯುವವರೆಗೂ ಅಂಟಿಕೊಂಡಿತು. ಜಂಬದ ಮನುಷ್ಯ ಅಂದರು ಜನ. ಆದರೆ ಇದೇ ಬ್ಯಾಬಿಟ್‌ಗೆ ನ್ಯೂಯಾರ್ಕ್‌ನ ಬ್ರಾಡ್‌ವೇ ರಂಗಭೂಮಿಯ ಹಾಡುಗಳೆಂದರೆ ಪ್ರಾಣ. ಬ್ರಾಡ್‌ವೇಯ ಹೆಸರಾಂತ ಹಾಡುಗಾರಿಕೆ ರಚನಕಾರ ಸ್ಟೀಫನ್ ಸಾಂಡೈಮ್ ಕಲಿತದ್ದು ಬ್ಯಾಬಿಟ್ ಬಳಿಯೇ.

ವಿಶ್ವವಿದ್ಯಾಲಯ ಕೊಟ್ಟದ್ದೇನು ಅಂತ ನೋಡಬೇಕಿದ್ದರೆ ನ್ಯೂಯಾರ್ಕ್‌ನ ಕೊಲಂಬಿಯಾ-ಪ್ರಿನ್ಸ್‌ಟನ್ ಸ್ಟುಡಿಯೋಗೆ ಹೋಗಬೇಕಿತ್ತು. ಗೋಡೆಯುದ್ದಕ್ಕೂ ನಿಂತ ಆರ್‌ಸಿಎ ಕಂಪನಿಯ ಸಿಂಥಸೈಜರ್, ಅಂದರೆ ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ಯಂತ್ರ. ಕಾಗದದ ಸುರುಳಿಯಲ್ಲಿ ತೂತು ಹೊಡೆಯುತ್ತಾ ಕೂರಬೇಕು: ಸ್ವರ ಯಾವುದು, ಎಷ್ಟು ಹೊತ್ತು, ಎಷ್ಟು ಜೋರು, ಎಲ್ಲಕ್ಕೂ ತೂತೇ. ವಾದಕರಿಗೆ ನುಡಿಸಲು ಕಷ್ಟವಾದ ಲಯವನ್ನೂ ಯಂತ್ರ ತಪ್ಪದೆ ನುಡಿಸುತ್ತಿತ್ತು. ಬ್ಯಾಬಿಟ್‌ಗೆ ಬೇಕಿದ್ದದ್ದೂ ಅದೇ. ಟಿಕೆಟ್ ದುಡ್ಡಿನಿಂದ ಅಂಥ ಯಂತ್ರ ಯಾರು ತಂದಾರು?

ಹಾಗಂತ ಈ ಹೊಸ ದೊರೆಯೂ ಸುಮ್ನೆ ಬಿಡಲಿಲ್ಲ. 1946ರಲ್ಲಿ ಬ್ಯಾಬಿಟ್ ಒಪ್ಪಿಸಿದ ಪಿಎಚ್‌ಡಿ ಪ್ರಬಂಧವನ್ನು ಪ್ರಿನ್ಸ್‌ಟನ್ ಒಪ್ಪಲಿಲ್ಲ. ಅವರು ಅಲ್ಲೇ ಪಾಠ ಹೇಳಿದರು, ನಿವೃತ್ತರೂ ಆದರು. 1992ರಲ್ಲಿ ಅದೇ ಪ್ರಬಂಧಕ್ಕೆ ಪದವಿ ಬಂತು. ಆಗ ಅವರಿಗೆ 75 ದಾಟಿತ್ತು.